ಮಗು ಯಾರ ಬಳಿ ಇರಬೇಕು: ಸುಪರ್ದಿ ಪ್ರಕರಣವನ್ನು ನ್ಯಾಯಾಲಯ ನಿರ್ಧರಿಸುವ ಬಗೆ ಮತ್ತು ತಂದೆ ತಾಯಂದಿರು ಮಾಡಬೇಕಾದ ಸಿದ್ಧತೆ

ಗಂಡ ಹೆಂಡತಿ ಬೇರೆಯಾಗುವ ಮಾತು ಬಂದಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಮನೆಗಳಲ್ಲಿ ಮಗುವಿನ ಬಗ್ಗೆ ಎರಡು ಸಿದ್ಧ ತೀರ್ಪುಗಳು ಕೇಳಿಬರುತ್ತವೆ. ಗಂಡಿನ ಕಡೆಯ ಹಿರಿಯರು ‘ಹುಡುಗ ನಮ್ಮ ಮನೆತನದವ, ನಮ್ಮಲ್ಲೇ ಬೆಳೀಬೇಕು’ ಎನ್ನುತ್ತಾರೆ. ಹೆಣ್ಣಿನ ಕಡೆಯವರು ‘ಹೆತ್ತವಳಿಗಿಂತ ಹೆಚ್ಚಿನ ಹಕ್ಕು ಯಾರಿಗದ’ ಎಂದು ಕೇಳುತ್ತಾರೆ. ಎರಡೂ ಕಡೆಯವರು ತಮ್ಮ ಹಕ್ಕಿನ ಬಗ್ಗೆ ಮಾತನಾಡುತ್ತಿರುತ್ತಾರೆ. ನ್ಯಾಯಾಧೀಶರ ಎದುರು ಇರುವ ಪ್ರಶ್ನೆ ಬೇರೆಯದು. ಈ ಮಗು ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಯಾರ ಆರೈಕೆಯಲ್ಲಿ ಸುರಕ್ಷಿತವಾಗಿ, ನೆಮ್ಮದಿಯಾಗಿ, ಓದುತ್ತಾ ಆಡುತ್ತಾ ಇರಬಲ್ಲದು ಎಂಬುದನ್ನಷ್ಟೇ ಅವರು ತಿಳಿಯಬೇಕಾಗಿರುತ್ತದೆ. ಈ ವ್ಯತ್ಯಾಸವನ್ನು ಮೊದಲ ದಿನವೇ ಅರಿತವರು ಪ್ರಕರಣವನ್ನು ಒಂದು ರೀತಿಯಲ್ಲಿ ನಡೆಸುತ್ತಾರೆ, ಅರಿಯದವರು ವರ್ಷಗಟ್ಟಲೆ ತಾರೀಖಿಗೆ ಅಲೆದು ಮಗುವನ್ನೂ ದಣಿಸುತ್ತಾರೆ. ಈ ಬರಹ ಮೊದಲನೆಯ ದಾರಿಯಲ್ಲಿ ಹೋಗಬಯಸುವವರಿಗಾಗಿ.

ಒಂದನೆಯ ಹಂತ: ಕಾನೂನು ಏನನ್ನು ಕೇಳುತ್ತದೆ ಎಂಬುದನ್ನು ತಿಳಿಯುವುದು

ಪಾಲಕತ್ವ ಮತ್ತು ಸುಪರ್ದಿ ಎರಡು ಬೇರೆ ವಿಷಯಗಳು. ಮಗುವಿನ ಆಸ್ತಿ, ಕಾಗದಪತ್ರ, ದೊಡ್ಡ ನಿರ್ಣಯಗಳ ಹೊಣೆ ಪಾಲಕತ್ವಕ್ಕೆ ಸೇರಿದ್ದು. ಮಗು ದಿನನಿತ್ಯ ಯಾರ ಮನೆಯಲ್ಲಿ ಇರುತ್ತದೆ ಎಂಬುದು ಸುಪರ್ದಿ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೆಯ ಕಲಮು ತಂದೆಯನ್ನು ಸಹಜ ಪಾಲಕನೆಂದೂ, ಅವನ ನಂತರ ತಾಯಿಯನ್ನು ಪಾಲಕಳೆಂದೂ ಹೇಳುತ್ತದೆ. ಇದೇ ಸಾಲನ್ನು ಹಿಡಿದು ‘ಕಾನೂನೇ ತಂದೆಯ ಪರವಾಗಿದೆ’ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಆದರೆ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಸಾಲಿಗೆ ವಿಶಾಲವಾದ ಅರ್ಥ ಕೊಟ್ಟಿದೆ: ತಂದೆ ಬದುಕಿದ್ದರೂ ಮಗುವಿನ ಹೊಣೆಯನ್ನು ನಿಜವಾಗಿ ಹೊರದೆ ದೂರವಿದ್ದರೆ ತಾಯಿ ಸಹಜ ಪಾಲಕಳಾಗಿ ನಡೆದುಕೊಳ್ಳಬಹುದು. ಅದೇ ಕಲಮು ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದೂ ಹೇಳುತ್ತದೆ. ಅಂಥ ಮಗುವನ್ನು ತಾಯಿಯಿಂದ ಬೇರೆ ಮಾಡಬೇಕೆನ್ನುವ ತಂದೆಯೇ ಅದಕ್ಕೆ ಕಾರಣವನ್ನು ಸಾಬೀತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟಪಡಿಸಿತು. ಎಲ್ಲಕ್ಕಿಂತ ಮೇಲೆ ನಿಲ್ಲುವುದು 13ನೆಯ ಕಲಮು. ಅದರ ಪ್ರಕಾರ ಮಗುವಿನ ಕ್ಷೇಮವೇ ಪರಮ ವಿಚಾರ, ಯಾವ ತಂದೆಯ ಅಥವಾ ತಾಯಿಯ ಹಕ್ಕೂ ಅದನ್ನು ಮೀರುವುದಿಲ್ಲ.

ಈ ಕಾಯ್ದೆ ಯಾರಿಗೆ ಅನ್ವಯಿಸುತ್ತದೆ ಎಂಬ ಗೊಂದಲ ನಮ್ಮ ಜಿಲ್ಲೆಗಳಲ್ಲಿ ಆಗಾಗ ಎದುರಾಗುತ್ತದೆ. ವೀರಶೈವರನ್ನೂ ಲಿಂಗಾಯತರನ್ನೂ ಕಾಯ್ದೆಯ 3ನೆಯ ಕಲಮು ಹೆಸರು ಹಿಡಿದೇ ಸೇರಿಸಿದೆ. ಜೈನರು, ಬೌದ್ಧರು, ಸಿಖ್ಖರು ಕೂಡ ಇದರ ವ್ಯಾಪ್ತಿಗೆ ಬರುತ್ತಾರೆ. ಮುಸ್ಲಿಂ ಕುಟುಂಬಗಳಲ್ಲಿ ಸುನ್ನಿಗಳ ಒಂದು ಕಾನೂನು ಪಂಥವಾದ ಹನಫಿ ಪದ್ಧತಿಯಂತೆ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ ಇರುವುದು ನಿಯಮ. ಕ್ರೈಸ್ತ ದಂಪತಿಗಳ ವಿಚ್ಛೇದನ ಪ್ರಕರಣಗಳಿಗೆ 1869ರ ವಿಚ್ಛೇದನ ಕಾಯ್ದೆಯೂ, ವಿಶೇಷ ವಿವಾಹವಾದವರಿಗೆ 1954ರ ಕಾಯ್ದೆಯೂ ಇವೆ. ಧರ್ಮ ಯಾವುದೇ ಇದ್ದರೂ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಅರ್ಜಿ ಹಾಕಬಹುದು, ಮತ್ತು ವೈಯಕ್ತಿಕ ಕಾನೂನಿನ ವಯಸ್ಸಿನ ಮಿತಿಗಳನ್ನು ಕೂಡ ನ್ಯಾಯಾಲಯ ಮಗುವಿನ ಕ್ಷೇಮದ ಬೆಳಕಿನಲ್ಲಿಯೇ ಓದುತ್ತದೆ.

ನಮ್ಮ ಕಡೆಯ ಒಂದು ರೂಢಿಯ ಬಗ್ಗೆ ಇಲ್ಲಿಯೇ ಹೇಳಬೇಕು. ಊರ ಹಿರಿಯರು ಕೂತು, ಬಾಂಡ್ ಪೇಪರಿನ ಮೇಲೆ ಸೋಡಚೀಟಿ, ಅಂದರೆ ಗಂಡ ಹೆಂಡತಿ ಬಿಟ್ಟುಬಿಡುವ ಪತ್ರ, ಬರೆಸಿ, ‘ಮಗು ತಂದೆಗೆ, ತಾಯಿಗೆ ಮುಂದೆ ಯಾವ ಸಂಬಂಧವೂ ಇಲ್ಲ’ ಎಂದು ಇಬ್ಬರ ಸಹಿ ಹಾಕಿಸುವುದು ಇನ್ನೂ ನಡೆದಿದೆ. ಹೆತ್ತವರು ತಮ್ಮತಮ್ಮೊಳಗೆ ಬರೆದುಕೊಂಡ ಇಂಥ ಒಪ್ಪಂದ ನ್ಯಾಯಾಲಯದ ಕೈ ಕಟ್ಟುವುದಿಲ್ಲ, ಏಕೆಂದರೆ ಅದರಲ್ಲಿ ಮಗುವಿನ ಕ್ಷೇಮವನ್ನು ಯಾರೂ ವಿಚಾರಿಸಿರುವುದಿಲ್ಲ. ಅಂಥ ಕಾಗದಕ್ಕೆ ಸಹಿ ಮಾಡಿದ ತಾಯಿ ಎಲ್ಲ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಅದನ್ನು ಬರೆಸಿಕೊಂಡ ತಂದೆ ತನ್ನ ಸುಪರ್ದಿ ಗಟ್ಟಿಯಾಯಿತೆಂದು ನಂಬಬಾರದು.

ಎರಡನೆಯ ಹಂತ: ಯಾವ ನ್ಯಾಯಾಲಯ, ಯಾವ ಅರ್ಜಿ

1890ರ ಕಾಯ್ದೆಯ 9ನೆಯ ಕಲಮಿನ ಪ್ರಕಾರ ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೆ ಮಾತ್ರ ಸುಪರ್ದಿ ಅರ್ಜಿಯನ್ನು ಕೇಳುವ ಅಧಿಕಾರವಿದೆ. ಗಡಿಭಾಗದ ಕುಟುಂಬಗಳಿಗೆ ಇದು ಬಹಳ ಮುಖ್ಯ. ಅಥಣಿಯ ತವರಿಗೆ ಬಂದ ತಾಯಿ, ಮಿರಜಿನಲ್ಲಿರುವ ತಂದೆ, ಎರಡು ವರ್ಷದಿಂದ ಅಥಣಿಯ ಶಾಲೆಗೆ ಹೋಗುತ್ತಿರುವ ಮಗು ಎಂದಿಟ್ಟುಕೊಳ್ಳಿ. ಆಗ ಪ್ರಕರಣ ನಡೆಯಬೇಕಾದುದು ಬೆಳಗಾವಿ ಜಿಲ್ಲೆಯಲ್ಲಿ, ಸಾಂಗಲಿ ಜಿಲ್ಲೆಯಲ್ಲಿ ಅಲ್ಲ. ಆದರೆ ಅರ್ಜಿ ಹಾಕುವ ಉದ್ದೇಶಕ್ಕಾಗಿಯೇ ಹಿಂದಿನ ವಾರ ಮಗುವನ್ನು ಎತ್ತಿಕೊಂಡು ಬಂದಿದ್ದರೆ ಅದು ಸಾಮಾನ್ಯ ವಾಸ ಎನಿಸುವುದಿಲ್ಲ. ಮಗು ಎಲ್ಲಿ ನೆಲೆಗೊಂಡಿತ್ತು, ಯಾವ ಉದ್ದೇಶದಿಂದ ಇತ್ತು ಎಂಬುದನ್ನು ನ್ಯಾಯಾಲಯ ಸಾಕ್ಷ್ಯದ ಮೇಲೆ ನಿರ್ಧರಿಸುತ್ತದೆ. ಕಬ್ಬು ಕಡಿಯಲು, ಇಲ್ಲವೆ ಗೋವಾ, ಪುಣೆಯ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬಗಳಲ್ಲಿ ಮಗು ವರ್ಷದ ಕೆಲವು ತಿಂಗಳು ಹೊರಗಿದ್ದರೂ, ಊರಿನ ಶಾಲೆ, ಅಂಗನವಾಡಿ, ಪಡಿತರ ಚೀಟಿಯ ದಾಖಲೆಗಳು ಅದರ ನೆಲೆ ಎಲ್ಲಿದೆ ಎಂಬುದನ್ನು ತೋರಿಸಲು ನೆರವಾಗುತ್ತವೆ.

1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯಡಿ ಸ್ಥಾಪಿತವಾದ ಕುಟುಂಬ ನ್ಯಾಯಾಲಯದ ವ್ಯಾಪ್ತಿ ಇರುವೆಡೆ ಅರ್ಜಿ ಅಲ್ಲಿಗೆ ಹೋಗುತ್ತದೆ, ಇಲ್ಲದಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ. ನಿಮ್ಮ ತಾಲ್ಲೂಕು ಯಾವುದರ ವ್ಯಾಪ್ತಿಯಲ್ಲಿದೆ ಎಂಬುದನ್ನು ಸ್ಥಳೀಯ ವಕೀಲರಲ್ಲಿ ವಿಚಾರಿಸಿಯೇ ಹೊರಡಿ. ಅಥಣಿಯಿಂದ ಬೆಳಗಾವಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಬಸ್ಸಿನಲ್ಲಿ ಬಂದು ತಪ್ಪು ಬಾಗಿಲು ತಟ್ಟುವ ಕಷ್ಟ ತಪ್ಪುತ್ತದೆ.

ಅರ್ಜಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ವಿಚ್ಛೇದನ ಅಥವಾ ದಾಂಪತ್ಯಕ್ಕೆ ಸಂಬಂಧಿಸಿದ ಬೇರೆ ಪ್ರಕರಣ ಈಗಾಗಲೇ ನಡೆಯುತ್ತಿದ್ದರೆ, 1955ರ ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಮಿನಡಿ ಅದೇ ಪ್ರಕರಣದಲ್ಲಿ ಮಗುವಿನ ಸುಪರ್ದಿ, ಖರ್ಚು ಮತ್ತು ಶಿಕ್ಷಣದ ಬಗ್ಗೆ ಆದೇಶ ಕೇಳಬಹುದು. ಅಂಥ ಪ್ರಕರಣ ಇಲ್ಲದಿದ್ದರೆ 1890ರ ಕಾಯ್ದೆಯ 25ನೆಯ ಕಲಮಿನಡಿ ಪ್ರತ್ಯೇಕ ಅರ್ಜಿ ಹಾಕಬೇಕು. ಈ ಕಾಯ್ದೆಯ ಇಂಗ್ಲಿಷ್ ಹೆಸರಾದ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಎಂಬುದರಿಂದ ವಕೀಲರು ಜಿ ಅಂಡ್ ಡಬ್ಲ್ಯೂ ಕೇಸು ಎಂದು ಕರೆಯುವುದು ಇದನ್ನೇ. ಹೊಡೆತ, ಬೆದರಿಕೆ ಇರುವ ಮನೆಯಿಂದ ಹೊರಬಂದ ಮಹಿಳೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರಿಂದ ತಾತ್ಕಾಲಿಕ ಸುಪರ್ದಿ ಪಡೆಯಬಹುದು. ಮ್ಯಾಜಿಸ್ಟ್ರೇಟ್ ನ್ಯಾಯಾಲಯ ತಾಲ್ಲೂಕು ಕೇಂದ್ರದಲ್ಲಿಯೇ ಇರುವುದರಿಂದ ಹಳ್ಳಿಯ ಹೆಣ್ಣುಮಕ್ಕಳಿಗೆ ಇದು ಹತ್ತಿರದ ದಾರಿ. ತಾತ್ಕಾಲಿಕ ಎಂಬುದನ್ನು ಮಾತ್ರ ಮರೆಯಬಾರದು. ಕಾಯಂ ಆದೇಶಕ್ಕೆ ಕೊನೆಗೆ ಕುಟುಂಬ ನ್ಯಾಯಾಲಯಕ್ಕೇ ಹೋಗಬೇಕು.

ಇನ್ನೊಂದು ದಾರಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಅಕ್ರಮ ವಶದಲ್ಲಿರುವವರನ್ನು ನ್ಯಾಯಾಲಯದ ಎದುರು ಹಾಜರುಪಡಿಸಿ ಎಂದು ಕೇಳುವ ಅರ್ಜಿ. ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು. ಕಾನೂನಿನ ಹಕ್ಕಿಲ್ಲದವರ ವಶದಲ್ಲಿ ಮಗು ಇದ್ದಾಗ ಈ ಅರ್ಜಿ ನಡೆಯುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ವಿವರವಾದ ವಿಚಾರಣೆ ಬೇಕಾದ ತಂದೆ ತಾಯಿಯರ ವ್ಯಾಜ್ಯಕ್ಕೆ ಇದು ಬದಲಿಯಲ್ಲ. ಹೈಕೋರ್ಟ್ ಬಹುತೇಕ ಮತ್ತೆ ಕುಟುಂಬ ನ್ಯಾಯಾಲಯದ ಕಡೆಗೇ ಕೈ ತೋರುತ್ತದೆ.

ವಕೀಲರ ಖರ್ಚಿಗೆ ಹೆದರಿ ಸುಮ್ಮನಿರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಯರಿಗೂ ಮಕ್ಕಳಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಇತರರಿಗೆ ಆದಾಯದ ಮಿತಿ ಇದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಕೇಳಿದರೆ ಸಾಕು. 15100 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು.

ಮೂರನೆಯ ಹಂತ: ಮಗುವಿನ ದಿನಚರಿಯನ್ನು ದಾಖಲೆಯಾಗಿಸುವುದು

ಪ್ರಕರಣದ ಬೇರು ಇರುವುದು ಇಲ್ಲಿ, ಆದರೆ ಬಹಳಷ್ಟು ಜನ ಅರ್ಜಿಯ ಹತ್ತು ಪುಟಗಳನ್ನು ಗಂಡನ ಕುಡಿತ, ಹೆಂಡತಿಯ ಜಗಳ, ವರದಕ್ಷಿಣೆ, ಅತ್ತೆಯ ಮಾತುಗಳಿಂದ ತುಂಬಿಸಿ ಮಗುವಿನ ಬಗ್ಗೆ ಒಂದೇ ಪ್ಯಾರಾ ಬರೆಯುತ್ತಾರೆ. ಆ ಸಂಗತಿಗಳು ಮಗುವಿನ ಮೇಲೆ ಪರಿಣಾಮ ಬೀರಿದ್ದರೆ ಅವಶ್ಯ ಬರೆಯಬೇಕು. ಬೀರದಿದ್ದರೆ ಅವು ವಿಚ್ಛೇದನದ ಅರ್ಜಿಗೆ ಸೇರಿದವು. ಒಳ್ಳೆಯ ಹೆಂಡತಿಯಾಗಲಿಲ್ಲ ಎಂದು ಆರೋಪಿಸಿದ ಮಾತ್ರಕ್ಕೆ ಆಕೆ ಒಳ್ಳೆಯ ತಾಯಿಯಲ್ಲ ಎಂದಾಗುವುದಿಲ್ಲ. ಗಂಡನಾಗಿ ಸೋತವನು ತಂದೆಯಾಗಿಯೂ ಸೋತಿದ್ದಾನೆ ಎಂದು ನ್ಯಾಯಾಧೀಶರು ಊಹಿಸುವುದಿಲ್ಲ.

ಆದ್ದರಿಂದ ಒಂದು ವಹಿಯಲ್ಲಿ ಮಗುವಿನ ಒಂದು ಸಾಮಾನ್ಯ ದಿನವನ್ನು ಬರೆಯಲು ಕುಳಿತುಕೊಳ್ಳಿ. ಯಾರು ಎಬ್ಬಿಸುತ್ತಾರೆ, ಯಾರು ತಲೆ ಬಾಚಿ ಡಬ್ಬಿ ಕಟ್ಟುತ್ತಾರೆ, ಶಾಲೆಗೆ ಯಾರ ಜೊತೆ ಹೋಗುತ್ತದೆ, ಸಂಜೆ ಬಂದಾಗ ಮನೆಯಲ್ಲಿ ಯಾರಿರುತ್ತಾರೆ, ಜ್ವರ ಬಂದರೆ ಯಾವ ಡಾಕ್ಟರು, ಯಾವ ಔಷಧ ಒಗ್ಗುವುದಿಲ್ಲ, ಲೆಕ್ಕದಲ್ಲಿ ಹಿಂದಿದ್ದರೆ ಯಾರು ಕೂಡಿಸಿ ಹೇಳಿಕೊಡುತ್ತಾರೆ, ರಾತ್ರಿ ಹೆದರಿ ಎದ್ದರೆ ಯಾರನ್ನು ಕೂಗುತ್ತದೆ. ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸಬಲ್ಲ ತಂದೆಯನ್ನಾಗಲಿ ತಾಯಿಯನ್ನಾಗಲಿ ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷದ ವಕೀಲರ ಪ್ರಶ್ನೆಗಳಲ್ಲಿ, ಅಲುಗಾಡಿಸುವುದು ಕಷ್ಟ. ಉತ್ತರ ಗೊತ್ತಿಲ್ಲದಿದ್ದರೆ, ವಾದಕ್ಕಾಗಿ ಕಂಠಪಾಠ ಮಾಡುವ ಬದಲು, ಆ ಕೆಲಸಗಳಲ್ಲಿ ಇಂದಿನಿಂದಲೇ ಪಾಲು ತೆಗೆದುಕೊಳ್ಳಿ.

ಬರೆದ ಪ್ರತಿ ಸಂಗತಿಯ ಪಕ್ಕದಲ್ಲಿ ಅದನ್ನು ತೋರಿಸುವ ಕಾಗದ ಯಾವುದು ಎಂಬುದನ್ನು ಗುರುತಿಸಿ. ಜನನ ಪ್ರಮಾಣಪತ್ರ, ತಾಯಿ ಕಾರ್ಡು, ಲಸಿಕೆಯ ದಾಖಲೆ, ಅಂಗನವಾಡಿಯ ಹಾಜರಿ, ಶಾಲೆಯ ದಾಖಲಾತಿ ಮತ್ತು ಶುಲ್ಕದ ಪಾವತಿಗಳು, ಪ್ರಗತಿ ಪತ್ರದಲ್ಲಿರುವ ಪೋಷಕರ ಸಹಿ, ಆಸ್ಪತ್ರೆಯ ಚೀಟಿಗಳು ಇವೆಲ್ಲ ಬೇಕಾಗುತ್ತವೆ. ಪ್ರಗತಿ ಪತ್ರದ ಮೇಲಿನ ಸಹಿಯನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ; ಮೂರು ವರ್ಷದ ಪ್ರಗತಿ ಪತ್ರಗಳ ಮೇಲೆ ಯಾರ ಸಹಿ ಇದೆ ಎಂಬುದು ಬಂಧುಗಳ ಉದ್ದುದ್ದ ಸಾಕ್ಷ್ಯಕ್ಕಿಂತ ಸ್ಪಷ್ಟವಾಗಿ ಮಾತನಾಡುತ್ತದೆ. ಸಾಕ್ಷ್ಯ ಕಾಯ್ದೆಯ ಬಿಗಿ ನಿಯಮಗಳಿಗೆ ಒಳಪಡದ ವರದಿ, ದಾಖಲೆಗಳನ್ನೂ ವಿವಾದ ತೀರ್ಮಾನಕ್ಕೆ ನೆರವಾಗುವುದಾದರೆ ಸ್ವೀಕರಿಸಲು ಕುಟುಂಬ ನ್ಯಾಯಾಲಯಕ್ಕೆ ಅದರ ಕಾಯ್ದೆಯ 14ನೆಯ ಕಲಮು ಅವಕಾಶ ಕೊಟ್ಟಿದೆ.

ಆದಾಯ ಕಡಿಮೆ ಇರುವ ತಾಯಂದಿರಿಗೆ ಒಂದು ಮಾತು. ಇಳಕಲ್ಲಿನಲ್ಲಿ ಮಗ್ಗದ ಕೆಲಸ ಮಾಡುವ, ಇಂಡಿಯಲ್ಲಿ ಲಿಂಬೆ ತೋಟದ ಕೂಲಿಗೆ ಹೋಗುವ ತಾಯಿ, ನೌಕರಿಯಲ್ಲಿರುವ ಗಂಡನ ಎದುರು ತಾನು ಗೆಲ್ಲಲಾರೆ ಎಂದು ಮೊದಲೇ ಕೈಚೆಲ್ಲಬಾರದು. ಹಣದ ಅನುಕೂಲ ಒಂದು ಅಂಶ ಮಾತ್ರ. ಮಗುವಿನ ಖರ್ಚನ್ನು ತಂದೆಯಿಂದ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕೆ ಇರುವುದರಿಂದ, ಆದಾಯದ ಅಂತರವನ್ನು ಆದೇಶದಿಂದಲೇ ತುಂಬಬಹುದು. ತಂದೆಯರಿಗೂ ಹೇಳಬೇಕಾದುದಿದೆ: ಸೈನ್ಯದಲ್ಲೋ ದೂರದ ಊರಿನ ನೌಕರಿಯಲ್ಲೋ ಇರುವವರು ಸುಪರ್ದಿ ಕೇಳುವಾಗ, ತಮ್ಮ ಗೈರುಹಾಜರಿಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದಕ್ಕೆ ‘ನಮ್ಮವ್ವ ಅದಾಳ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಇಟ್ಟುಕೊಂಡಿರಬೇಕು. ಅಜ್ಜಿಯ ವಯಸ್ಸು, ಆರೋಗ್ಯ, ಮಗುವಿಗೆ ಅವರೊಡನೆ ಇರುವ ಸಲಿಗೆ ಇವನ್ನೆಲ್ಲ ಕೇಳಲಾಗುತ್ತದೆ.

ಈ ಹಂತದಲ್ಲಿ ಮಾಡಲೇಬಾರದ ಕೆಲಸ ಒಂದಿದೆ. ಶಾಲೆಯ ಗೇಟಿನಿಂದ, ಜಾತ್ರೆಯಿಂದ, ಬಸ್‌ಸ್ಟ್ಯಾಂಡಿನಿಂದ ಮಗುವನ್ನು ಎತ್ತಿಕೊಂಡು ಹೋಗಿ ನಂತರ ಮಾತನಾಡೋಣ ಎನ್ನುವುದು. ಹಾಗೆ ಮಾಡಿದವರು ಮಗುವಿನ ನೆಮ್ಮದಿಗಿಂತ ತಮ್ಮ ಹಟವನ್ನು ದೊಡ್ಡದು ಮಾಡಿದರು ಎಂದು ನ್ಯಾಯಾಲಯ ನೋಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಅರ್ಧ ದಿನದಲ್ಲಿ ಶಾಲೆ, ಗೆಳೆಯರು, ಹಾಸಿಗೆ ಎಲ್ಲ ಕಳೆದುಕೊಂಡ ಮಗುವಿನ ದಿಗಿಲು ಯಾವ ಆದೇಶದಿಂದಲೂ ಬೇಗ ಹೋಗುವುದಿಲ್ಲ.

ನಾಲ್ಕನೆಯ ಹಂತ: ಮಧ್ಯಂತರ ಆದೇಶ

ಅಂತಿಮ ತೀರ್ಪಿಗೆ ಕಾಲ ಹಿಡಿಯುತ್ತದೆ. ಅಷ್ಟರವರೆಗೆ ಮಗು ಎಲ್ಲಿರಬೇಕು, ಇನ್ನೊಬ್ಬರು ಯಾವಾಗ ಭೇಟಿಯಾಗಬೇಕು ಎಂಬುದಕ್ಕೆ 1890ರ ಕಾಯ್ದೆಯ 12ನೆಯ ಕಲಮಿನಡಿ ಮಧ್ಯಂತರ ಅರ್ಜಿಯನ್ನು ಮುಖ್ಯ ಅರ್ಜಿಯ ಜೊತೆಗೇ ಹಾಕಿ. ಮಗು ಎದುರು ಪಕ್ಷದ ಬಳಿ ಇದ್ದರೆ ಈ ಅರ್ಜಿಯನ್ನು ತಡಮಾಡುವುದು ಅಪಾಯಕರ. ತಿಂಗಳುಗಳು ಕಳೆದಂತೆ ಮಗು ಅಲ್ಲಿಗೆ ಹೊಂದಿಕೊಳ್ಳುತ್ತದೆ ಮತ್ತು ಆ ಹೊಂದಿಕೆಯೇ ಮುಂದೆ ಒಂದು ವಾದವಾಗುತ್ತದೆ. ಹಾಗೆಂದು ಅದೊಂದೇ ನಿರ್ಣಾಯಕವಲ್ಲ. ತೀರ ಚಿಕ್ಕವಳಿದ್ದಾಗಿನಿಂದ ತಂದೆಯ ಬಳಿಯೇ ಬೆಳೆದ ಎಂಟು ವರ್ಷದ ಮಗಳನ್ನು ತಾಯಿಗೆ ಒಪ್ಪಿಸಿದ ಆದೇಶವನ್ನು 2017ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ, ತಾಯಿಯ ಒಡನಾಟವೇ ಸಿಗದ ಮಗುವಿನ ಇಷ್ಟವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಯನ್ನೂ ಅದು ಎತ್ತಿತ್ತು.

ಐದನೆಯ ಹಂತ: ರಾಜಿಯ ಮಾತುಕತೆ

ಕುಟುಂಬ ನ್ಯಾಯಾಲಯ ಮೊದಲು ರಾಜಿಗೆ ಯತ್ನಿಸಲೇಬೇಕು ಎಂದು ಅದರ ಕಾಯ್ದೆಯ 9ನೆಯ ಕಲಮು ಹೇಳುತ್ತದೆ. ಆದ್ದರಿಂದ ನಿಮ್ಮನ್ನು ಆಪ್ತಸಮಾಲೋಚಕರ ಬಳಿಗೋ ಮಧ್ಯಸ್ಥಿಕೆ ಕೇಂದ್ರಕ್ಕೋ ಕಳಿಸಲಾಗುತ್ತದೆ. ಇದನ್ನು ಒಂದು ಶಾಸ್ತ್ರವೆಂದು ಮುಗಿಸಿ ಏಳಬೇಡಿ. ಮಗುವಿನ ಹೆತ್ತವರಿಗಿಂತ ಚೆನ್ನಾಗಿ ಅದರ ವರ್ಷವನ್ನು ಯೋಜಿಸಬಲ್ಲವರು ಯಾರೂ ಇಲ್ಲ, ಮತ್ತು ಒಪ್ಪಿ ಬರೆದುಕೊಂಡದ್ದನ್ನು ಜನ ಹೆಚ್ಚು ಪಾಲಿಸುತ್ತಾರೆ.

ಒಪ್ಪಂದ ಬರೆಯುವಾಗ ‘ತಂದೆ ಆಗಾಗ ಮಗುವನ್ನು ನೋಡಬಹುದು’ ಎಂಬಂಥ ಸಡಿಲ ಮಾತು ಇರಕೂಡದು. ಯಾವ ಭಾನುವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಎಲ್ಲಿ ಒಪ್ಪಿಸುವುದು, ಯಾರು ಕರೆತರುವುದು, ವಾರದಲ್ಲಿ ಎಷ್ಟು ದಿನ ವಿಡಿಯೊ ಕರೆ, ದಸರಾ ರಜೆ ಮತ್ತು ಬೇಸಿಗೆ ರಜೆಯ ಯಾವ ಭಾಗ ಯಾರಿಗೆ ಎಂಬುದನ್ನು ಬರೆಯಿರಿ. ಹಬ್ಬಗಳನ್ನು ಹೆಸರು ಹಿಡಿದು ಬರೆಯಿರಿ. ಪಂಚಮಿಯಲ್ಲಿ ತವರಿನ ಜೋಕಾಲಿ, ಸಂಕ್ರಮಣದಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬಾದಾಮಿಯ ಬನಶಂಕರಿ ಜಾತ್ರೆ, ದೀಪಾವಳಿ, ರಂಜಾನ್ ಇವು ಮಗುವಿಗೆ ಎರಡೂ ಮನೆತನಗಳ ಜೊತೆ ಇರುವ ನಂಟು. ಜಗಳಗಳು ಮತ್ತೆ ಹುಟ್ಟುವುದೂ ಈ ದಿನಗಳಲ್ಲಿಯೇ. ಶಾಲೆ ಬದಲಿಸುವಾಗ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವಾಗ ಇಬ್ಬರೂ ಕೇಳಿಕೊಳ್ಳಬೇಕೇ ಎಂಬುದನ್ನೂ ಸೇರಿಸಿ.

ಇಬ್ಬರೂ ಸರಿಸಮನಾಗಿ ಹೊಣೆ ಹೊರುವ ವ್ಯವಸ್ಥೆಯೂ ಸಾಧ್ಯ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಮಗು ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈನಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರುವಂತೆ ಜಂಟಿ ಸುಪರ್ದಿಯನ್ನು ಆದೇಶಿಸಿತು. ಭಾರತದ ಕಾನೂನು ಆಯೋಗವೂ 2015ರ ತನ್ನ 257ನೆಯ ವರದಿಯಲ್ಲಿ ಜಂಟಿ ಸುಪರ್ದಿಗೆ ಕಾನೂನಿನಲ್ಲಿ ಸ್ಥಾನ ಕೊಡಲು ಶಿಫಾರಸು ಮಾಡಿದೆ. ನನ್ನ ಅಭಿಪ್ರಾಯದಲ್ಲಿ, ಎರಡೂ ಮನೆಗಳು ಒಂದೇ ಊರಿನಲ್ಲಿದ್ದು ಶಾಲೆ ಬದಲಾಗದಿದ್ದರೆ ಇದು ಮಗುವಿಗೆ ದೊಡ್ಡ ಅನುಕೂಲ. ಒಂದು ಮನೆ ಮುದ್ದೇಬಿಹಾಳದಲ್ಲಿ, ಇನ್ನೊಂದು ಪುಣೆಯಲ್ಲಿ ಇದ್ದರೆ ರಜೆಗಳ ಹಂಚಿಕೆಯೇ ಹೆಚ್ಚು ವಾಸಿ. ಮನೆಯಲ್ಲಿ ಹಿಂಸೆ ನಡೆದಿದ್ದರೆ ಮಾತ್ರ ಒತ್ತಡಕ್ಕೆ ಮಣಿದು ರಾಜಿಗೆ ಒಪ್ಪಬೇಡಿ. ಅದನ್ನು ಸಮಾಲೋಚಕರಿಗೆ ಸ್ಪಷ್ಟವಾಗಿ ಹೇಳಿ.

ಆರನೆಯ ಹಂತ: ವಿಚಾರಣೆ ಮತ್ತು ಮಗುವಿನ ಮಾತು

ರಾಜಿ ಆಗದಿದ್ದರೆ ಎದುರು ಪಕ್ಷದ ತಕರಾರು, ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಮುಖ್ಯ ವಿಚಾರಣೆ, ಪಾಟೀಸವಾಲು, ಸಾಕ್ಷಿಗಳು, ವಾದ ಎಂಬ ಕ್ರಮದಲ್ಲಿ ಪ್ರಕರಣ ಸಾಗುತ್ತದೆ. ಕುಟುಂಬ ನ್ಯಾಯಾಲಯದಲ್ಲಿ ಒಬ್ಬರು ಕೇಳಿದರೂ ವಿಚಾರಣೆ ಮುಚ್ಚಿದ ಬಾಗಿಲಲ್ಲಿ ನಡೆಯಬೇಕು. ಊರವರ ಎದುರು ಮನೆಯ ಮಾತು ಆಡಲು ಹಿಂಜರಿಯುವವರು ಈ ಸೌಲಭ್ಯವನ್ನು ಕೇಳಿ ಪಡೆಯಬೇಕು. ವೈದ್ಯರ, ಮನಃಶಾಸ್ತ್ರಜ್ಞರ, ಸಮಾಜ ಕಾರ್ಯಕರ್ತರ ನೆರವನ್ನೂ ನ್ಯಾಯಾಧೀಶರು ಪಡೆಯಬಹುದು.

1890ರ ಕಾಯ್ದೆಯ 17ನೆಯ ಕಲಮು ನ್ಯಾಯಾಧೀಶರು ತೂಗಬೇಕಾದ ಅಂಶಗಳನ್ನು ಹೇಳುತ್ತದೆ: ಮಗುವಿನ ವಯಸ್ಸು, ಲಿಂಗ, ಧರ್ಮ, ಸುಪರ್ದಿ ಕೇಳುವವರ ನಡತೆ ಮತ್ತು ಸಾಮರ್ಥ್ಯ, ಮಗುವಿನೊಡನೆ ಅವರ ಈವರೆಗಿನ ಸಂಬಂಧ, ಮತ್ತು ಮಗು ತಿಳಿದು ಹೇಳಬಲ್ಲಷ್ಟು ದೊಡ್ಡದಿದ್ದರೆ ಅದರ ಇಷ್ಟ. ಇಂತಿಷ್ಟೇ ವಯಸ್ಸು ಎಂದು ಕಾನೂನು ಗೆರೆ ಎಳೆದಿಲ್ಲ. ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ, ತಂದೆ ತಾಯಿ ಮತ್ತು ವಕೀಲರನ್ನು ಹೊರಗಿಟ್ಟು, ಶಾಲೆ, ಗೆಳೆಯರು, ಊಟ, ಆಟದ ಬಗ್ಗೆ ಮಾತಿಗೆಳೆದು ಮಗುವಿನ ಮನಸ್ಸನ್ನು ತಿಳಿಯುತ್ತಾರೆ. 2006ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಬಾಲಕಿಯೊಡನೆ ಸ್ವತಃ ಮಾತನಾಡಿ, ಆಕೆಯ ಗಟ್ಟಿಯಾದ ಇಚ್ಛೆಯನ್ನು ಕಂಡು ತಂದೆಯ ಬಳಿ ಇರಲು ಬಿಟ್ಟರು. ತಾಯಿಗೆ ಭೇಟಿಯ ಅವಕಾಶ ಉಳಿಯಿತು.

ದಯವಿಟ್ಟು ಮಗುವಿಗೆ ಉತ್ತರ ಕಲಿಸಿ ಕಳಿಸಬೇಡಿ. ‘ಅಪ್ಪ ಕೆಟ್ಟಾವ ಅಂತ ಹೇಳು’, ‘ಅಮ್ಮನ ಕಡೆ ಹೋಗಂಗಿಲ್ಲ ಅಂತ ಅಳು’ ಎಂದು ಹೇಳಿಕೊಟ್ಟ ಮಾತು ಎರಡನೆಯ ಪ್ರಶ್ನೆಗೇ ಬಯಲಾಗುತ್ತದೆ. ಇನ್ನೊಬ್ಬರ ಮೇಲೆ ಮಗುವಿನಲ್ಲಿ ದ್ವೇಷ ತುಂಬಿದವರಿಗೆ ಅದು ತೀರ್ಪಿನಲ್ಲಿ ತಿರುಗುಬಾಣವಾಗಬಹುದು. ಮಗುವಿಗೆ ಹೇಳಬೇಕಾದುದು ಇಷ್ಟೇ: ಅಲ್ಲಿ ಒಬ್ಬರು ಮಾತಾಡಿಸುತ್ತಾರೆ, ನಿನಗೆ ಅನ್ನಿಸಿದ್ದನ್ನು ಹೇಳು, ನೀನು ಏನೇ ಹೇಳಿದರೂ ನಾವಿಬ್ಬರೂ ಸಿಟ್ಟಾಗುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಮಗು ತಾನಾಗಿ ಹೊಡೆತದ ಬಗ್ಗೆಯೋ ಅಸಭ್ಯ ಸ್ಪರ್ಶದ ಬಗ್ಗೆಯೋ ಹೇಳಿದರೆ ತಾರೀಖಿಗೆ ಕಾಯದೆ ವೈದ್ಯರಿಗೆ ತೋರಿಸಿ, 1098 ಮಕ್ಕಳ ಸಹಾಯವಾಣಿಗೆ ಅಥವಾ ಪೊಲೀಸರಿಗೆ ತಿಳಿಸಿ, ವಕೀಲರ ಮೂಲಕ ಭೇಟಿ ನಿಲ್ಲಿಸಲು ಅರ್ಜಿ ಹಾಕಿ.

ಮರುಮದುವೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಮರುಮದುವೆಯಾದ ಮಾತ್ರಕ್ಕೆ ತಂದೆಯೋ ತಾಯಿಯೋ ಸುಪರ್ದಿ ಕಳೆದುಕೊಳ್ಳುವುದಿಲ್ಲ. ಹೊಸ ಮನೆಯಲ್ಲಿ ಮಗುವಿಗೆ ಜಾಗ ಹೇಗಿದೆ ಎಂಬುದನ್ನು ಮಾತ್ರ ಹೆಚ್ಚು ಎಚ್ಚರದಿಂದ ನೋಡಲಾಗುತ್ತದೆ.

ಏಳನೆಯ ಹಂತ: ಆದೇಶವನ್ನು ಪಾಲಿಸುವುದು, ಪ್ರಶ್ನಿಸುವುದು, ಬದಲಿಸುವುದು

ಸುಪರ್ದಿ ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಭೇಟಿಯ ಹಕ್ಕು ಸಾಮಾನ್ಯವಾಗಿ ಇದ್ದೇ ಇರುತ್ತದೆ. ತಂದೆ ತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು, ತೀರ ವಿಪರೀತ ಸಂದರ್ಭದಲ್ಲಿ ಮಾತ್ರ ಒಬ್ಬರ ಸಂಪರ್ಕವನ್ನು ತಪ್ಪಿಸಬೇಕು, ಭೇಟಿಯ ವಿವರಗಳನ್ನು ಆದೇಶದಲ್ಲಿ ಸ್ಪಷ್ಟವಾಗಿ ಬರೆಯಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಭೇಟಿ ತಪ್ಪಿದರೆ ದಿನಾಂಕದೊಂದಿಗೆ ಬರೆದಿಟ್ಟು, ಜಗಳಕ್ಕಿಳಿಯದೆ, ಅದೇ ನ್ಯಾಯಾಲಯದಲ್ಲಿ ಜಾರಿ ಅರ್ಜಿ ಹಾಕಿ.

ಮಗುವಿನ ಖರ್ಚಿಗೆ ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಮಿನಡಿ ಅಥವಾ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದು ಈಗ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಡಿ ಕೇಳಬಹುದು. 2020ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು. ಭೇಟಿ ಕೊಡಲಿಲ್ಲ ಎಂದು ಖರ್ಚು ನಿಲ್ಲಿಸುವುದೂ, ಖರ್ಚು ಕೊಡಲಿಲ್ಲ ಎಂದು ಭೇಟಿ ನಿಲ್ಲಿಸುವುದೂ ಎರಡೂ ತಪ್ಪು. ಎರಡರ ಪೆಟ್ಟೂ ಬೀಳುವುದು ಮಗುವಿಗೇ.

ಕುಟುಂಬ ನ್ಯಾಯಾಲಯದ ಅಂತಿಮ ಆದೇಶದ ವಿರುದ್ಧ 30 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬೇಕು. ಆದ್ದರಿಂದ ತೀರ್ಪು ಬಂದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕುವುದು ಒಳ್ಳೆಯದು. ಮೇಲ್ಮನವಿಯಲ್ಲಿ ಸೋತರೂ ದಾರಿ ಮುಚ್ಚುವುದಿಲ್ಲ, ಏಕೆಂದರೆ ಸುಪರ್ದಿ ಆದೇಶ ಸ್ವಭಾವತಃ ಅಂತಿಮವಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಹೇಳಿದೆ. ನಾಲ್ಕು ವರ್ಷದ ಮಗುವಿಗೆ ಹೊಂದಿದ ಏರ್ಪಾಡು ಹನ್ನೆರಡು ವರ್ಷದ ಹುಡುಗನಿಗೆ ಹೊಂದದೆ ಹೋಗಬಹುದು. ತಂದೆಗೆ ವರ್ಗವಾಗಬಹುದು, ತಾಯಿಯ ಆರೋಗ್ಯ ಕೆಡಬಹುದು, ಪ್ರೌಢಶಾಲೆಗಾಗಿ ಮಗು ಬೇರೆ ಊರಿಗೆ ಹೋಗಬೇಕಾಗಬಹುದು. ಪರಿಸ್ಥಿತಿ ನಿಜವಾಗಿ ಬದಲಾದುದನ್ನು ಕಾಗದಪತ್ರಗಳೊಂದಿಗೆ ತೋರಿಸಿದರೆ ನ್ಯಾಯಾಲಯ ತನ್ನ ಆದೇಶವನ್ನು ತಿದ್ದುತ್ತದೆ, ಮತ್ತು ಈ ಅವಕಾಶ ಮಗುವಿಗೆ 18 ವರ್ಷ ತುಂಬುವವರೆಗೂ ಇಬ್ಬರಿಗೂ ಇರುತ್ತದೆ.